ಹಳೇ ಎಂಜಿನ್ನಿನ ಲಾರಿ

ಮಾರ್ಚ್ 4, ಭಾನುವಾರ. ಕಾರ್ನಿ, ನೆಬ್ರಾಸ್ಕಾ

ಯಾರಿಗೂ ಹೇಳದ ಮಾತು — ಆ ಡಬ್ಬಿ ನನಗೆ ಇಷ್ಟ. ಹೊಸ ಕಾನೂನಿನಿಂದಾಗಿ ಡಿಸೆಂಬರಿನಿಂದ ಲಾರಿಗಳಲ್ಲಿ ಕೂತಿದೆ. ಓಡಿಸಿದ ಗಂಟೆಗಳನ್ನು ತಾನೇ ಬರೆದುಕೊಳ್ಳುತ್ತದೆ, ದಿನಕ್ಕೆ ಬಿಟ್ಟ ಗಂಟೆ ಮುಗಿದರೆ ಕೆಂಪಾಗುತ್ತದೆ. ಮೊದಲು ಕಾಗದದ ಮೇಲೆ ನಾವೇ ಗೆರೆ ಎಳೆದು ಗಂಟೆ ಬರೆಯುತ್ತಿದ್ದೆವು. ಆಗ ಒಡತಿ ಮಾರ್ಲಿಸ್ "ಇನ್ನು ಇನ್ನೂರು ಮೈಲಿ ಅಷ್ಟೇ, ಎಳೆದುಬಿಡು" ಎಂದರೆ ಫೋನಿನಲ್ಲೇ ಜಗಳ. ಈಗ "ಡಬ್ಬಿ ಬಿಡ್ತಿಲ್ಲ" ಎಂದರೆ ಸಾಕು.

ತಿಂಡಿಯ ಮೇಜಿನಲ್ಲಿ ಡ್ರೈವರುಗಳೆಲ್ಲ ಡಬ್ಬಿಯನ್ನು ಬೈಯುವಾಗ ನಾನೂ ತಲೆಯಾಡಿಸುತ್ತೇನೆ. ಹೈಸ್ಕೂಲು ಅರ್ಧಕ್ಕೇ ಬಿಟ್ಟ ನನ್ನನ್ನು ಹತ್ತಿರ ಸೇರಿಸಿದ್ದು ಆ ಮೇಜೇ. ಆದರೂ ಸುಳ್ಳು ಸುಳ್ಳೇ. ನಾಳೆ ಹೇಳಬೇಕು.

ಮಾರ್ಚ್ 5

ಹೇಳಿದೆ. ಓರ್ವಲ್ ಮೊಟ್ಟೆ ತಿನ್ನುವುದನ್ನು ನಿಲ್ಲಿಸಿದ. ನನಗೆ ಲಾರಿ ಕಲಿಸಿದವನು. ಅರವತ್ತೆಂಟು ವಯಸ್ಸು.

"ಹಂಗಾದ್ರೆ ರಾತ್ರಿ ಹೊದಿಸಿ ಮಲಗಿಸ್ತಾಳಾ ನಿನ್ನ ದಾದಿ?"

ಸುತ್ತ ನಗು.

"ಕಾಗದದಲ್ಲಿ ನೀನು ಸುಳ್ಳು ಬರೀತಿರ್ಲಿಲ್ವಾ ಮಾವ?"

"ಬರೀತಿದ್ದೆ ಕಣೋ. ನಿದ್ದೆ ಬಂದಾಗ ಮಲಗೋಕೆ. ನಿನ್ನ ಡಬ್ಬಿಗೆ ನಿದ್ದೆ ಅಂದ್ರೇನು ಗೊತ್ತಾ? ದಿನದ ಕೆಲಸಕ್ಕೆ ಹದಿನಾಲ್ಕು ಗಂಟೆ, ಒಂದ್ಸಲ ಶುರುವಾದ್ರೆ ನೀನು ಗೊರಕೆ ಹೊಡೀತಿದ್ರೂ ಓಡ್ತಾನೇ ಇರ್ತದೆ."

ಕಾಫಿ ಬಿಟ್ಟು ಎದ್ದೆ.

ಮಾರ್ಚ್ 9. ವಯೋಮಿಂಗ್

ಮಾಂಸದ ಕಾರ್ಖಾನೆಯಲ್ಲಿ ಲೋಡಿಗೆ ಅರ್ಧ ದಿನ ಕಾಯಿಸಿದರು. ಡಬ್ಬಿ ಅದನ್ನೂ ಹದಿನಾಲ್ಕು ಗಂಟೆಗೇ ಸೇರಿಸಿ ನುಂಗಿತು. ಮಧ್ಯಾಹ್ನ ಕಣ್ಣು ಎಳೆಯುತ್ತಿತ್ತು. ನಿಲ್ಲಿಸಿದರೆ ಉಳಿದ ಗಂಟೆಯೂ ಹೋಗುತ್ತದೆ... ನಿಲ್ಲಿಸಲಿಲ್ಲ. ಚಕ್ರ ರಸ್ತೆಯಂಚಿನ ಉಬ್ಬುಗಳ ಮೇಲೆ ಹತ್ತಿ ಗುರ್ರೆಂದಾಗ ಎಚ್ಚರ. ಪರದೆ ಹಸಿರಾಗಿಯೇ ಇತ್ತು.

ಓರ್ವಲ್ ಹೇಳಿದ್ದು ಸರಿ.

ಮಾರ್ಚ್ 19

ಮಾರ್ಲಿಸ್ ಹಳೇ ಲಾರಿಯೊಂದನ್ನು ಕೊಂಡಿದ್ದಾಳೆ. ಎಂಜಿನ್ ತೊಂಬತ್ತೆಂಟರದು. ಎರಡು ಸಾವಿರದ ಇಸವಿಗಿಂತ ಹಳೆಯ ಎಂಜಿನ್ನಿಗೆ ಡಬ್ಬಿ ಬೇಡ, ಕಾಗದ ಸಾಕು. ಎಲ್ಲರ ಕಣ್ಣೂ ಅದರ ಮೇಲೆ. ಕೀಲಿ ಕೊಟ್ಟದ್ದು ನನಗೆ! ನಂಬಲಾಗಲಿಲ್ಲ.

ನೆಬ್ರಾಸ್ಕಾದ ಸಿಡ್ನಿ ದಾಟಿ ನಿದ್ದೆ ಬಂತು. ಪಕ್ಕಕ್ಕೆ ಹಾಕಿ ಮಲಗಿದೆ. ಎದ್ದು, ಗಂಟೆ ಹೋದರೆ ಹೋಗಲಿ ಎಂದು, ಮಲಗಿದ್ದೆ ಎಂದೇ ಬರೆದೆ.

ಮಾರ್ಚ್ 21. ಎವನ್‌ಸ್ಟನ್

ಲೋಡು ತಡವಾಗಿ ಸಿಕ್ಕಿತ್ತು. ಇಳಿಸಬೇಕಾದ ಸಾಲ್ಟ್ ಲೇಕಿಗೆ ಇನ್ನು ಎಂಬತ್ತು ಮೈಲಿ. ಹದಿನಾಲ್ಕರಲ್ಲಿ ಓಡಿಸಲು ಬಿಡುವ ಹನ್ನೊಂದು ಗಂಟೆ ಇಲ್ಲೇ ಮುಗಿದವು. ಫೋನ್ ಮಾಡಿದೆ.

"ಆ ಲಾರಿ ಯಾಕೆ ತಂದೆ ಅಂದ್ಕೊಂಡಿದ್ದೀಯ?" ಮಾರ್ಲಿಸ್ ದನಿ ಏರಿಸಲೂ ಇಲ್ಲ. "ಕಾಗದ ನಿನ್ನ ಕೈಲಿದೆ. ಪೆನ್ನೂ ಇದೆ."

"ಓಡಿಸಿದ್ದನ್ನೇ ಬರೀತೀನಿ ಮೇಡಂ."

"ಕಿರಿಯವನು, ಹೇಳಿದ ಹಾಗೆ ಕೇಳ್ತಾನೆ ಅಂತ ಕೊಟ್ಟೆ."

ನಿಲ್ಲಿಸಿದೆ. ಸಮಯ ತಪ್ಪಿತು. ಅಲ್ಲಿಯವರು ಒಂದು ದಿನ ಕಾಯಿಸಿಯೇ ಇಳಿಸಿಕೊಳ್ಳುತ್ತಾರಂತೆ.

ಮಾರ್ಚ್ 24, ಶನಿವಾರ

ಕೀಲಿ ಓರ್ವಲ್‌ಗೆ ಹೋಯಿತು. ಅದೇ ಸಾಲ್ಟ್ ಲೇಕ್, ಅದೇ ಗಡುವು. ನನಗೆ ಮತ್ತೆ ಡಬ್ಬಿಯ ಲಾರಿ.

"ನಿದ್ದೆ ಬಂದ್ರೆ ನಿಲ್ಲಿಸ್ತೀಯಾ ಮಾವ?"

"ನಿಲ್ಲಿಸ್ತೀನಿ."

"ಗಡುವು?"

ಗಾಜು ಒರೆಸುತ್ತಲೇ ಇದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

"ಆಗಲ್ಲ ಅಂದ್ರೆ ಅವಳು ಬೇರೆಯವ್ರಿಗೆ ಕೊಡ್ತಾಳೆ. ಈ ವಯಸ್ಸಿನಲ್ಲಿ ನನ್ನನ್ನ ಯಾರು ಇಟ್ಕೋತಾರೆ? ಹೋಗೋ, ನಿನ್ನ ಕೆಲಸ ನೋಡು."

ಕೂರಲಾಗುತ್ತಿಲ್ಲ. ಲಾರಿಗಳ ಅಂಗಳ ಸುತ್ತಿದೆ. ಮತ್ತೆ ಸುತ್ತಿದೆ.

ಮಾರ್ಚ್ 25

ಮಾರ್ಲಿಸ್ ಚರ್ಚಿನಿಂದ ಬರುವುದನ್ನೇ ಕಾದು ನಿಂತಿದ್ದೆ.

"ಓರ್ವಲ್ ಜೊತೆ ನನ್ನನ್ನೂ ಕಳ್ಸಿ. ಒಬ್ಬ ಓಡಿಸೋವಾಗ ಒಬ್ಬ ಮಲಗ್ತಾನೆ. ಗಡುವಿಗೆ ತಲುಪುತ್ತೆ. ಕಾಗದದಲ್ಲಿ ಸುಳ್ಳೂ ಇರಲ್ಲ."

"ಒಬ್ಬರ ಸಂಬಳಾನೇ ಕೊಡೋದು."

"ಹಂಚ್ಕೋತೀವಿ."

"ಅವನನ್ನ ಕೇಳಿದೀಯಾ?"

ಕೇಳಿರಲಿಲ್ಲ. ಕೇಳಿದಾಗ ಓರ್ವಲ್ ಬೈದದ್ದನ್ನು ಬರೆಯಲಾರೆ. ಕೊನೆಗೆ, "ಬೇರೆಯವ್ರು ಓಡಿಸೋವಾಗ ನಂಗೆ ಜನ್ಮದಲ್ಲಿ ನಿದ್ದೆ ಬಂದಿಲ್ಲ ಕಣೋ."

"ನೀನು ಓಡಿಸಿದ್ರೆ ನಂಗೂ ಬರಲ್ಲ."

ಓರ್ವಲ್ ಕ್ಯಾಬಿನ್ ಹತ್ತಿ, ಹಿಂದಿನ ಹಾಸಿಗೆಯ ಮೇಲಿದ್ದ ತನ್ನ ಚೀಲವನ್ನು ಒಂದು ಬದಿಗೆ ತಳ್ಳಿದ.

ನಾಳೆ ಸಂಜೆ ಹೊರಡುತ್ತೇವೆ.