ಬೀಗತಿಯ ಮುನಿಸು

ಔರಾದದ ಬೀಗತಿ ಜಿಜಾಬಾಯಿಯವರಿಗೆ ಬೀದರಿನಿಂದ ಮಹಾಮಾಯಾಳ ಜೈ ಭೀಮ್.

ಫೋನಿನಲ್ಲಿ ಹೇಳೋಣವೆಂದರೆ ನೀವು ಎರಡು ಮಾತಿಗೇ "ಇಡ್ತೇನ್ರಿ, ಹಾಲು ಉಕ್ಕಲತ್ತದ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನಾದರೂ ಪೂರ್ತಿ ಓದಬೇಕು.

ಮಕ್ಕಳ ಲಗ್ನದ ಹಿಂದಿನ ದಿನದ ಮಾತು. ಗಂಡಿನ ಕಡೆಯವರನ್ನು ಇಳಿಸಲು ಊರಿನಲ್ಲೇ ದುಬಾರಿಯಾದ ಹೋಟೆಲು ಹುಡುಕಿದವಳು ನಾನು. ನಮ್ಮದು ಎರಡು ಖೋಲಿಯ ತಗಡಿನ ಮನೆ. ಅಂಗನವಾಡಿಯ ಪಗಾರದವಳು ಬೀಗರನ್ನು ಅಲ್ಲಿ ಕೂಡಿಸಿದರೆ ಮಂದಿ ಏನಂದಾರು ಎಂದು ಜೀವ ಹೆದರಿತ್ತು. ಫೋಟೋದಲ್ಲಿ ಆ ಹೋಟೆಲು ಅರಮನೆಯಂತೆ ಹೊಳೆಯುತ್ತಿತ್ತು. ಕಿಟಕಿಯಿಂದ ಕೋಟೆ ಕಾಣುತ್ತದೆ ಎಂದೂ ಬರೆದಿದ್ದರು. ಬಾಡಿಗೆ ಕೇಳಿ ನಮ್ಮ ಪ್ರಣಿತಾಳ ಅಪ್ಪ ಕೈಲಾಶರು ತೆರೆದ ಬಾಯಿ ಮುಚ್ಚಲಿಲ್ಲ. ನಾನೇ ಹಟ ಮಾಡಿದೆ.

ಆಮೇಲೆ ಆದದ್ದು ನಿಮಗೆ ಗೊತ್ತೇ ಇದೆ. ಲಿಫ್ಟು ಬಂದ್. ನಳ ತಿರುವಿದರೆ ಕೆಂಪು ನೀರು. ಏಸಿಯಿಂದ ಹಾಸಿಗೆಯ ಮೇಲೆ ತಟತಟ ಹನಿ. ಕೋಟೆ ಕಾಣುವ ಕಿಟಕಿ ತೆಗೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಮ್ಯಾನೇಜರನನ್ನು ಕೇಳಿದರೆ "ಅದರ ಹಿಂದೇ ಕೋಟಿ ಅದರಿ" ಅಂದನಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸುದ್ದಿ ತಿಳಿದು ನಾವು ಹೋಟೆಲಿಗೆ ಓಡಿ ಬರುವಷ್ಟರಲ್ಲಿ ನಿಮ್ಮ ಮೈದುನ ಮಚ್ಛೇಂದ್ರರು ಭಾಲ್ಕಿಯ ನೆಂಟರನ್ನೆಲ್ಲ ಕೆಳಗಿನ ಹಾಲ್‌ನಲ್ಲಿ ಕೂಡಿಸಿಕೊಂಡು ನಿಂತಿದ್ದರು. "ನಮ್ಮ ಮಂದಿಗಿ ಇಷ್ಟೇ ಕಿಮ್ಮತ್ತೇನ್ರಿ? ಲಗ್ನದಾಗೇ ಹಿಂಗಾದ್ರ ಮುಂದ ಹ್ಯಾಂಗ್ರಿ? ಗಾಡಿ ತೆಗೀರಿ, ವಾಪಸ್ ಹೋಗಮ್" ಎಂದರು. ಕೈಲಾಶರು ಕೈಮುಗಿದು ನಿಂತರು. ಲಗ್ನ ಮುರಿದೀತೆಂಬ ಭಯಕ್ಕಿಂತ ಲಗ್ನವಾದ ಮೇಲಿನ ಭಯ ನನಗೆ ದೊಡ್ಡದಿತ್ತು. ನನ್ನ ಮದುವೆಯಲ್ಲಿ ಅನ್ನ ಕಡಿಮೆ ಬಿದ್ದಿತ್ತು. ನನ್ನ ಅತ್ತೆ ಸಾಯುವತನಕ ಅದನ್ನು ಎತ್ತಿ ಎತ್ತಿ ಆಡಿದರು. ಅವರು ಹೋದ ಮೇಲೆ ನಾದಿನಿಯರು ಮುಂದುವರಿಸಿದರು. ಪ್ರಣಿತಾಳಿಗೂ ಜನ್ಮವಿಡೀ ಈ ಹೋಟೆಲಿನ ಮಾತು ತಪ್ಪದು ಅನಿಸಿತು.

ಆಗ ನೀವು ಚೀಲ ಹಿಡಿದು ಮೆಟ್ಟಿಲಿಳಿದು ಬಂದಿರಿ. ಯಾರ ಮುಖವನ್ನೂ ನೋಡದೆ ಸೋಫಾದ ಮೇಲೆ ಗೋಡೆಯ ಕಡೆ ತಿರುಗಿ ಕೂತು "ನಾ ಮುನಿಸ್ಕೊಂಡೀನಿ" ಅಂದಿರಿ. ಮಚ್ಛೇಂದ್ರರ ಬಾಯಿ ಅಲ್ಲೇ ಕಟ್ಟಿತು. ವರನ ತಾಯಿ ಮುನಿಸಿಕೊಂಡ ಮೇಲೆ ಉಳಿದವರ ಸಿಟ್ಟಿಗೆ ಜಾಗವಿಲ್ಲ, ನಮ್ಮ ಕಡೆ ರಿವಾಜೇ ಹಾಗೆ. "ಏನು ಬೇಕು ಹೇಳ್ರಿ" ಎಂದು ಕೈಲಾಶರು ಕೇಳಿದರು. ಬಂಗಾರ ಕೇಳುತ್ತಾರೋ, ಮೋಟಾರ್ ಸೈಕಲ್ ಕೇಳುತ್ತಾರೋ ಎಂದು ನಾನು ಕೊರಳ ಸರ ಮುಟ್ಟಿಕೊಂಡೆ.

"ಮನಿ ಇಟ್ಕೊಂಡು ನನಗ ಇಲ್ಲಿ ಯಾಕ ಹಾಕಿದ್ರಿ? ನಾ ಏನ್ ಹೊರಗಿನಾಕಿ ಇದ್ದೀನೇನ್ರಿ? ನಿಮ್ಮ ಮನ್ಯಾಗ ರೊಟ್ಟಿ ಹಾಕ್ತೀರಂದ್ರ ಏಳ್ತೇನಿ. ಇಲ್ಲಾಂದ್ರ ಇಲ್ಲೇ ಕುಂದರ್ತೇನಿ."

ಸ್ವಲ್ಪ ಹೊತ್ತಿಗೆ ನೀವು ನಮ್ಮ ಒಲೆಯ ಮುಂದೆ ಕೂತು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದಿರಿ. ಒಳಗೆ ಜಾಗ ಸಾಲದೆ ನಿಮ್ಮ ಮಂದಿಯೆಲ್ಲ ಓಣಿಯಲ್ಲಿ ಪಂಕ್ತಿ ಕೂತರು. ನೆರೆಮನೆಯ ಹಾಜಿರಾಬೀ ತನ್ನ ಚಾಪೆಗಳನ್ನು ತಂದು ಹಾಸಿದಳು. ಮಚ್ಛೇಂದ್ರರೇ ಎಲ್ಲರಿಗಿಂತ ಹೆಚ್ಚು ಉಂಡರು. ಕೈ ತೊಳೆದು ಬಂದು ನೀವು ಎಲ್ಲರೆದುರು "ನನ್ನ ಸಿಟ್ಟು ಇಳೀತು" ಅಂದಿರಿ. ಬೀಗತಿ ಸರಳ ಹೆಂಗಸು, ನಮ್ಮ ಗುಡಿಸಲಿನಂಥ ಮನೆಗೆ ಬೇಸರಪಡಲಿಲ್ಲ ಎಂದುಕೊಂಡು ಕಣ್ಣೊರೆಸಿಕೊಂಡೆ. ನನಗೆ ಅಂದು ತಿಳಿದದ್ದು ಅಷ್ಟೇ.

ಮೊನ್ನೆ ಬುದ್ಧ ಪೂರ್ಣಿಮೆಗೆ ಪ್ರಣಿತಾ ಬಂದಳು. ನಿಮ್ಮ ಮನೆಯಲ್ಲಿ ನೆಂಟರು ಊಟಕ್ಕೆ ಕೂತಾಗ ಮಚ್ಛೇಂದ್ರರು ಹೋಟೆಲಿನ ಕಥೆ ತೆಗೆದರಂತೆ. ಇವಳು ನೀರಿನ ಚೊಂಬು ಹಿಡಿದು ತಲೆತಗ್ಗಿಸಿ ನಿಂತಿದ್ದಳಂತೆ. ನೀವು ಸೌಟು ಕೆಳಗಿಟ್ಟು ಅಂದಿರಂತೆ, "ಆ ಸಿಟ್ಟು ನಂದು. ಬೀದರದಾಗೇ ತೀರಿಸ್ಕೊಂಡು ಬಂದೀನಿ. ಸತ್ತದ್ದು ಯಾಕ ಎಬ್ಬಸ್ತಿ?" ಮಚ್ಛೇಂದ್ರರು ಆ ಮಾತು ಬಿಟ್ಟು ಊಟಕ್ಕೆ ಕೈ ಹಾಕಿದರಂತೆ.

ಜಿಜಾಬಾಯಿಯವರೇ, ಹಿಟ್ಟು ನಾದುತ್ತಿದ್ದವಳು ಹಾಗೇ ಕೂತುಬಿಟ್ಟೆ. ಅಂದು ಎಲ್ಲರ ಸಿಟ್ಟನ್ನೂ ನೀವೊಬ್ಬರೇ ಹೊತ್ತುಕೊಂಡು, ಎಲ್ಲರ ಕಣ್ಣೆದುರೇ ಇಳಿಸಿ, ಮುಂದೆ ಯಾರೂ ಅದನ್ನು ನನ್ನ ಮಗಳ ಮೇಲೆ ಎತ್ತದಂತೆ ಮಾಡಿದ್ದಿರಿ. ಮೆಟ್ಟಿಲು ಇಳಿಯುವಷ್ಟರಲ್ಲಿ ಇಷ್ಟೆಲ್ಲ ಹೇಗೆ ಹೊಳೆಯಿತು? ಬೆರಗಾದೆ. ನಿಜ ಹೇಳುತ್ತೇನೆ, ನಿಮ್ಮನ್ನು ನೆನೆದು ಸ್ವಲ್ಪ ಹೆದರಿಕೆಯೂ ಆಯಿತು.

ಪ್ರಣಿತಾ ನನ್ನ ಮುಂದಿನ ಪರಾತ ತನ್ನ ಕಡೆ ಎಳೆದುಕೊಂಡು ಹಿಟ್ಟು ನಾದುತ್ತ, "ಅವ್ವಾ, ನಿನಗೂ ಇಂಥಾ ಅತ್ತಿ ಇರಬೇಕಿತ್ತು ನೋಡು" ಅಂದಳು. ಅವಳೆದುರು ಎಂದೂ ಅಳದವಳು ಅವತ್ತು ಅತ್ತುಬಿಟ್ಟೆ.

ನಿಮಗೆ ಆಯುಷ್ಯ ಗಟ್ಟಿಯಾಗಿರಲಿ. ಮೊಮ್ಮಕ್ಕಳು ನಿಮ್ಮ ಕೈಯಲ್ಲೇ ಬೆಳೆಯಲಿ. ಬೀದರಿಗೆ ಬಂದಾಗ ಫೋನು ಗೀನು ಮಾಡದೆ ಸೀದಾ ಒಳಗೆ ಬನ್ನಿ.

ನಿಮ್ಮ ಬೀಗತಿ,
ಮಹಾಮಾಯಾ