ಗುರುತು ಹಾಕಿದ ಸೌದೆ

ಅಕ್ಕಾ,

ಇಲ್ಲಿ ನನ್ನ ಸೌದೆ ಯಾರೋ ಕದಿಯುತ್ತಿದ್ದಾರೆ ಎಂದು ಹೋದ ಕಾರ್ಡಿನಲ್ಲಿ ಬರೆದಿದ್ದೆನಲ್ಲ, ಅದನ್ನು ಯಾರ ಕಿವಿಗೂ ಹಾಕಬೇಡ. ಕಳ್ಳ ಸಿಕ್ಕಿದ. ನನ್ನ ಕೋಣೆಯ ಕಬ್ಬಿಣದ ಒಲೆಯೇ.

ತಿಂಗಳ ಸೌದೆ ಹತ್ತೇ ದಿನಕ್ಕೆ ಮುಗಿಯುತ್ತಿತ್ತು. ಪಕ್ಕದ ಕೋಣೆಯ ದರ್ಜಿಯಮ್ಮನ ಮೇಲೆ ಅನುಮಾನ ಬಂದು, ಒಂದೊಂದು ಸೌದೆಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ. ಸದ್ಯ, ಬಾಯಿಬಿಟ್ಟು ಕೇಳಿರಲಿಲ್ಲ. ನಿನ್ನೆ ನನ್ನ ಕೋಟು ಹೊಲಿದು ತಂದುಕೊಡಲು ಬಂದ ಅವರು ಒಲೆ ನೋಡಿ ನಿಂತುಬಿಟ್ಟರು.

"ಕೆಳಗಿನ ಬೂದಿ ಬಾಗಿಲು ಯಾಕಮ್ಮಾ ಹೀಗೆ ತೆಗೆದಿಟ್ಟಿದ್ದೀಯ?"

"ಒಲೆ ಬಾಯಿಗೆ ಏನೂ ಅಡ್ಡ ಇರಬಾರದು ಅಂತ ನಮ್ಮಕ್ಕ ಹೇಳಿಕೊಟ್ಟಿದ್ದು."

"ಅದು ಮಣ್ಣಿನ ಒಲೆಗೆ ಸರಿ. ಇದು ಗಾಳಿ ಕೊಟ್ಟಷ್ಟೂ ತಿನ್ನುತ್ತೆ. ಉರಿ ಹತ್ತಿಕೊಂಡ ಮೇಲೆ ಮೇಲಿನ ಸಣ್ಣ ಕಿಂಡಿ ಒಂದು ತೆರೆದಿದ್ರೆ ಸಾಕು."

ಬೂದಿ ಬಾಗಿಲು ಮುಚ್ಚಿದರು. ಬುಸುಗುಡುತ್ತಿದ್ದ ಬೆಂಕಿ ಮೆತ್ತಗಾಯಿತು. ಸಂಜೆ ಹಾಕಿದ ಮೂರು ತುಂಡು ಬೆಳಗಿನವರೆಗೂ ಬಂತು. ಕೋಣೆ ಬೆಚ್ಚಗಿದೆ, ಕೆಮ್ಮೂ ಕಡಿಮೆಯಾಗಿದೆ, ನೀನು ಶಾಲು ಕಳಿಸುವುದು ಬೇಡ.

ನಿನ್ನೆ ಅವರು ಹೋಗುವಾಗ ಆ ಗುರುತುಗಳನ್ನು ನೋಡಿ, "ಇದೇನಿದು?" ಎಂದರು. ಲೆಕ್ಕಕ್ಕೆ ಎಂದೆ. ಸ್ವಲ್ಪ ಹೊತ್ತಿಗೆ ತಮ್ಮ ಕೋಣೆಯಿಂದ ಒಂದು ತೆಕ್ಕೆ ಸೌದೆ ತಂದು, "ಹೊಸದು ಬರೋವರೆಗೆ ಇಟ್ಕೋ" ಎಂದು ಇಳಿಸಿ ಹೋದರು.

ಈಗಷ್ಟೇ ಒದ್ದೆ ಬಟ್ಟೆಯಲ್ಲಿ ನನ್ನ ಸೌದೆಯನ್ನೆಲ್ಲ ಒರೆಸಿ ಈ ಕಾರ್ಡಿಗೆ ಕೂತೆ. ಕೈ ಇನ್ನೂ ಬೆಳ್ಳಗಿದೆ. ಜಾಗ ಮುಗಿಯಿತು.

ನಿನ್ನ ತಂಗಿ