ಅಪ್ಪ ಬೈದರೆ ಬೈಯಲಿ

ಪ್ರೀತಿಯ ಅಕ್ಕನಿಗೆ,

"ಕ್ಷಯ ಬಂದಿರೋ ಅಪ್ಪನ್ನ ನಾನೊಬ್ಬಳೇ ನೋಡ್ಕೋತಿದೀನಿ, ನಿನಗೆ ಮಾತ್ರೆಯದೇ ನೆಪ" ಎಂದು ನೀನು ಫೋನಿನಲ್ಲಿ ಅಂದೆ. ನನ್ನ ಕರುಳಿನ ಕಾಯಿಲೆಯ ಮಾತ್ರೆ ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತದೆ, ಅಪ್ಪನ ಹತ್ತಿರ ಸುಳಿಯಬೇಡಿ ಎಂದಿದ್ದರು ಡಾಕ್ಟರು. ಹಾಗಾದರೆ ಮಾತ್ರೆ ಬಿಟ್ಟೇ ಬರೋಣವೆಂದು, ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ.

ಮೊನ್ನೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗಲೇ ಹೊಟ್ಟೆ ಹಿಂಡಿ ರಕ್ತ ಹೋಯಿತು. ಈಗ ಆಸ್ಪತ್ರೆಯಲ್ಲಿದ್ದೇನೆ.

"ಮೈ ಕಾಯೋ ಕಣಗಳೇ ನಿಮ್ಮ ಕರುಳನ್ನ ಶತ್ರು ಅಂದ್ಕೊಂಡಿವೆ. ಅವು ಹೆಚ್ಚದ ಹಾಗೆ ಮಾತ್ರೆ ಹಿಡಿದಿಟ್ಟಿತ್ತು. ನೀವು ಬಿಟ್ರಿ, ಅವು ಮತ್ತೆ ಮೇಲೆ ಬಿದ್ವು" ಅಂದರು ಡಾಕ್ಟರು. ಮಾತ್ರೆ ಮತ್ತೆ ಶುರುವಾಗಿದೆ.

ನಿನ್ನ ಭಾರ ಇಳಿಸಲು ಹೋಗಿ ಇನ್ನೊಂದು ಹೊರಿಸಿದೆ. ಕ್ಷಮಿಸು ಅನ್ನಲೂ ನಾಚಿಕೆ. ನನ್ನನ್ನು ನೋಡಲು ಬರಬೇಡ. ಅಪ್ಪನ ಕೋಣೆಯ ಕಿಟಕಿ ತೆರೆದಿಡು, ಮಾಸ್ಕ್ ಮರೆಯಬೇಡ. "ಚಿಕ್ಕವಳು ಯಾಕೆ ಬರಲಿಲ್ಲ?" ಎಂದು ಅಪ್ಪ ಕೇಳಿದರೆ, ರೋಗಕ್ಕೆ ಹೆದರಿಕೊಂಡಳು ಎನ್ನು. ತನ್ನಿಂದ ಹೀಗಾಯಿತೆಂದು ಕೊರಗುವುದಕ್ಕಿಂತ, ಹೆದರುಪುಕ್ಕಲಿ ಎಂದು ಬೈದುಕೊಳ್ಳಲಿ.

ನಿನ್ನ
ಪುಟ್ಟಿ